ಸುಮಿತ್ರಮ್ಮ ಮಾಡಿದ ಪ್ರಾರ್ಥನೆ

ಮಯೂರ್ ವಿಹಾರದ ಕನ್ನಡ ಕ್ರೈಸ್ತರಲ್ಲಿ ಸುಮಿತ್ರಮ್ಮನ ಹಾಗೆ ಪ್ರಾರ್ಥನೆ ಮಾಡುವವರು ಇನ್ನೊಬ್ಬರಿರಲಿಲ್ಲ ಬಿಡಿ. ಗದಗಿನಿಂದ ಬಂದು ದೆಹಲಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಒಬ್ಬ ರೋಗಿಯ ಗುಟ್ಟೂ ಅವರ ಬಾಯಿಂದ ಹೊರಬಿದ್ದದ್ದಿಲ್ಲ. ಆದರೆ ಶುಕ್ರವಾರದ ಮನೆಕೂಟದಲ್ಲಿ ಕಣ್ಣು ಮುಚ್ಚಿ ಬಾಯಿ ತೆರೆದರೆ ಸಾಕು, ಕೂತವರೆಲ್ಲ ಮೂಗೊರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ತಮಗೆ ಹಿತವೆಂದು ಸುಮಿತ್ರಮ್ಮನಿಗೂ ಗೊತ್ತಿತ್ತು. ಪಾಪ, ಒಪ್ಪಿಕೊಂಡಿರಲಿಲ್ಲ ಅಷ್ಟೆ.

ಹರ್ಷಿಣಿ ದೆಹಲಿಯ ಆಚೆ ತುದಿಯ ಮುನಿರ್ಕಾದಲ್ಲಿ ಕೋಣೆ ಹಿಡಿದು ಎಂ.ಎ. ಓದುತ್ತಿದ್ದ ಹುಡುಗಿ. ಅವಳ ತಂದೆ ಗದಗಿನ ಚರ್ಚಿನ ಸಭೆಯ ಹಿರಿಯರು. 2006ರ ಲೆಂಟ್ ಉಪವಾಸದ ದಿನಗಳಲ್ಲೊಂದು ಮಧ್ಯಾಹ್ನ, ಸುಮಿತ್ರಮ್ಮನ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಅವಳು ಬಾಯಿಬಿಟ್ಟಳು.

"ಆಂಟಿ, ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತಿದ್ದೀನಿ. ಮಾತ್ರೆ ತಗೊಂಡ ಮೇಲೆ ಓದೋಕಾಗ್ತಿದೆ. ಅಪ್ಪನಿಗೆ ಗೊತ್ತಾದ್ರೆ ಓದು ಬಿಡಿಸಿ ಕರ್ಕೊಂಡು ಹೋಗ್ತಾರೆ."

"ನನ್ನ ಹೊಟ್ಟೆಯಲ್ಲೇ ಇರುತ್ತೆ ಮಗಳೇ," ಎಂದರು ಸುಮಿತ್ರಮ್ಮ.

ಆ ಶುಕ್ರವಾರದ ಕೂಟಕ್ಕೆ ಹೊಸ ಬೋಧಕರು ಬಂದಿದ್ದರು, ಹರ್ಷಿಣಿ ಬಂದಿರಲಿಲ್ಲ. ಸುಮಿತ್ರಮ್ಮನ ಪ್ರಾರ್ಥನೆ ಯಾಕೋ ಕಳೆಗಟ್ಟಲಿಲ್ಲ, ಆಮೆನ್‌ಗಳೂ ಸಪ್ಪೆ. ಆಗ ಅವರ ದನಿ ನಡುಗಿತು. "ಕರ್ತನೇ, ಮಾತ್ರೆ ನುಂಗಿ ದಿನ ದೂಡುತ್ತಿರುವ ನಮ್ಮ ಹರ್ಷಿಣಿಯ ಮನಸ್ಸನ್ನು ಮುಟ್ಟು." ಕೋಣೆ ತುಂಬ ಆಮೆನ್, ಬಿಕ್ಕಳಿಕೆ. ದೇವರಿಗೆ ಹೇಳುವ ನೆಪದಲ್ಲಿ ನೆರೆಯವರಿಗೆ ಹೇಳುವ ಈ ಚಾಳಿಗೆ ಏನನ್ನಬೇಕೋ ನಾನರಿಯೆ. ಮಾರನೆಯ ದಿನವೇ ಯಾರೋ ಗದಗಿಗೆ ಫೋನ್ ಮಾಡಿ, ನಿಮ್ಮ ಮಗಳಿಗಾಗಿ ನಾವೂ ಪ್ರಾರ್ಥಿಸುತ್ತಿದ್ದೇವೆ ಎಂದುಬಿಟ್ಟರು. ನಾಲ್ಕನೇ ದಿನ ತಂದೆ ದೆಹಲಿಯಲ್ಲಿ ರೈಲಿಳಿದರು.

ಸುದ್ದಿ ಕೇಳಿದ್ದೇ ಸುಮಿತ್ರಮ್ಮ ಎರಡು ಬಸ್ಸು ಬದಲಿಸಿ ಮುನಿರ್ಕಾದ ಓಣಿಗೆ ಓಡಿದರು. ತಂದೆ ಆಟೊ ತರಲು ಹೋಗಿದ್ದರು. ಹುಡುಗಿ ಪುಸ್ತಕಗಳಿಗೆ ಹಗ್ಗ ಬಿಗಿಯುತ್ತಿದ್ದಳು. ಹಿರಿಯಳೆಂಬ ಹಮ್ಮೆಲ್ಲ ಬಿಟ್ಟು ಸುಮಿತ್ರಮ್ಮ ನೆಲದ ಮೇಲೆ ಕುಸಿದು ಅವಳ ಕಾಲು ಹಿಡಿದರು.

"ತಪ್ಪಾಯ್ತಮ್ಮ. ನಿನ್ನ ಒಳ್ಳೇದಕ್ಕೆ ಅಂತ..." ಅಷ್ಟಕ್ಕೇ ನಿಲ್ಲಿಸಿದರು. "ಇಲ್ಲ. ಎಲ್ಲರೂ ಅಳಲಿ ಅಂತ ಹೇಳಿದೆ. ನನ್ನನ್ನ ಹೊಗಳಲಿ ಅಂತ."

ಹರ್ಷಿಣಿ ಕಾಲು ಎಳೆದುಕೊಳ್ಳಲಿಲ್ಲ, ಅಳಲೂ ಇಲ್ಲ. ಬಗ್ಗಿ ಅವರ ತೋಳು ಹಿಡಿದೆತ್ತಿದಳು.

"ಕ್ಷಮಿಸಿದೀನಿ ಆಂಟಿ, ಏಳಿ. ಒಂದೇ ಒಂದು ಕೇಳ್ಕೋತೀನಿ. ಇನ್ಮೇಲೆ ನನಗೋಸ್ಕರ ಪ್ರಾರ್ಥನೆ ಮಾಡಬೇಡಿ."