ಗುರುತು ಹಾಕದ ಎರಡು ಸ್ಲೈಡುಗಳು

ಆ ಮಧ್ಯಾಹ್ನ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ನಗು ಸ್ವಲ್ಪ ಹೆಚ್ಚೇ ಆಗಿತ್ತು. ಅಷ್ಟೊಂದು ನಕ್ಕ ದಿನ ಏನೋ ಕಾದಿರುತ್ತದೆ ಎಂದು ಹೆದರುವವರು ಇದ್ದಾರೆ. ಈರುಳ್ಳಿ ಮೇಡಂ ಅಂಥವರಲ್ಲ. ಅವರಿಗೆ ಕಣ್ಣಿಗೆ ಕಂಡದ್ದರಲ್ಲಿ ಮಾತ್ರ ನಂಬಿಕೆ, ಅದೂ ಮಸೂರದ ಕೆಳಗೆ ಕಂಡರೆ ಇನ್ನೂ ಹೆಚ್ಚು.

ಆ ಅಡ್ಡಹೆಸರು ಮಕ್ಕಳು ಇಟ್ಟದ್ದು. ಪ್ರತಿ ವರ್ಷ ಮೊದಲ ಪ್ರಯೋಗಕ್ಕೆ ಮೇಡಂ ಕೈಚೀಲದಲ್ಲಿ ಈರುಳ್ಳಿ ಹಾಕಿಕೊಂಡು ಬರುತ್ತಾರೆ. ಎಸಳಿನ ಒಳಮೈಯ ತೆಳು ಪೊರೆಯನ್ನು ಚಿಮಟದಲ್ಲಿ ಎಳೆದು, ಗಾಜಿನ ಮೇಲೆ ಹಾಸಿ, ಬಣ್ಣದ ಹನಿ ಬಿಟ್ಟು, ಮೇಲಿನ ಪುಟ್ಟ ಗಾಜನ್ನು ಓರೆಯಾಗಿ ಇಳಿಸುತ್ತಾರೆ. ಮಕ್ಕಳು ಕಣ್ಣಿಟ್ಟು, "ಇಟ್ಟಿಗೆ ಗೋಡೆ ಥರ ಇದೆ ಮೇಡಂ" ಎನ್ನುತ್ತಾರೆ. ಆ ಗೋಡೆಯೇ ಕೋಶಭಿತ್ತಿ, ಒಳಗೆ ಚುಕ್ಕಿಯಂತೆ ಕೂತದ್ದು ಕೋಶಕೇಂದ್ರ. ಮುಂದಿನ ವಾರ ತಮ್ಮದೇ ಕೆನ್ನೆಯ ಒಳಗಿನ ಕೋಶ. ಅಲ್ಲಿ ಗೋಡೆಯಿಲ್ಲ, ಬರೀ ಪೊರೆ. ಅದಾದ ಮೇಲೆ ರಕ್ತ.

ಪ್ರತಿ ವರ್ಷವೂ ಯಾವನೋ ಮಹಾಶಯ ಗಾಳಿಗುಳ್ಳೆಯನ್ನೇ ಕೋಶವೆಂದು ದುಂಡಗೆ ಬರೆದು ತರುತ್ತಾನೆ. ಇನ್ನೊಬ್ಬ ಸೂಕ್ಷ್ಮದರ್ಶಕವನ್ನು ಮುಟ್ಟದೆಯೇ ಪುಸ್ತಕದ ಚಿತ್ರ ಇಳಿಸಿರುತ್ತಾನೆ. ಮೇಡಂಗೆ ಕೋಪ ಮೂಗಿನ ತುದಿಯಲ್ಲೇ. "ಕಂಡಿದ್ದು ಬರೀರಿ. ಪುಸ್ತಕದಲ್ಲಿರೋದು ಬರೆಯೋಕೆ ಇಲ್ಲಿವರೆಗೂ ಯಾಕೆ ಬಂದ್ರಿ?" ಇನ್ನು ಸ್ಲೈಡಿನ ತುದಿಗೆ ಗುರುತು ಹಾಕದೆ ಯಾರಾದರೂ ಹನಿ ಬಿಟ್ಟರೋ, ಮುಗಿಯಿತು ಕಥೆ. "ಗುರುತಿಲ್ಲದ ಸ್ಲೈಡು ಯಾರದ್ದೂ ಅಲ್ಲ" ಎಂದು ಅದನ್ನು ತೊಳೆಯುವ ತೊಟ್ಟಿಗೇ ಹಾಕಿಬಿಡುತ್ತಿದ್ದರು.

ರಕ್ತದ ಪಾಠಕ್ಕೆ ಮಕ್ಕಳ ಬೆರಳು ಚುಚ್ಚಬಾರದು ಎಂಬುದು ಅವರೇ ಮಾಡಿಕೊಂಡ ನಿಯಮ. ತಮ್ಮದೇ ಬೆರಳು ಒಡ್ಡುತ್ತಿದ್ದರು. ವರ್ಷಗಟ್ಟಲೆ ಮಕ್ಕಳು ನೋಡಿದ್ದು ಮೇಡಂ ರಕ್ತವನ್ನೇ. "ನನ್ನ ರಕ್ತ ಹೀರಿದ ಮಕ್ಕಳು ನೀವು" ಎಂದು ಅವರು ಬೈಯುವಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವಾಗಲೂ ಒಬ್ಬರದೇ ಆದ್ದರಿಂದ ಆ ಸ್ಲೈಡಿಗೆ ಮಾತ್ರ ಗುರುತು ಹಾಕುವ ಪದ್ಧತಿಯಿರಲಿಲ್ಲ. ಮಕ್ಕಳಿಗೊಂದು ಕಾನೂನು, ತಮಗೊಂದು. ಅದರಿಂದ ಇಷ್ಟು ವರ್ಷ ಯಾರ ಗಂಟೂ ಹೋಗಿರಲಿಲ್ಲ.

ಈ ಸಲ ಮೇಡಂ ತಂಗಿ ಬಂದಳು.

ಕಾಲೇಜಿನ ಹಿಂದಿನ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಅಮ್ಮ ತೀರಿಕೊಂಡಾಗ ಅವಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಬೇರೊಂದು ಸಂಸಾರ ಕಟ್ಟಿಕೊಂಡು ದೂರವಾದ ಮೇಲೆ ಅವಳಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ಶಾಲೆಗೆ ಹೋಗದೆ ಮೊಂಡು ಹಿಡಿದಾಗ ನಾಲ್ಕು ಬಾರಿಸಿದ್ದು ಎಲ್ಲ ಅಕ್ಕನೇ. ಮದುವೆಯ ಮಾತು ಬಂದಾಗಲೆಲ್ಲ ಮೇಡಂ, ಇವಳೊಂದು ದಡ ಸೇರಲಿ ಎಂದು ಮುಂದೂಡಿದರು. ಕಡೆಗೆ ಆ ಮಾತೇ ನಿಂತುಹೋಯಿತು. ಅದಕ್ಕೆ ಅವರಿಗೆ ಬೇಸರವೇನೂ ಇರಲಿಲ್ಲ. ಲೋಕದಲ್ಲಿ ತನ್ನವರು ಎಂದು ಇದ್ದದ್ದು ಇವಳೊಬ್ಬಳು, ಅಷ್ಟು ಸಾಕಾಗಿತ್ತು.

ಹೊಲಿದ ಬಿಳಿ ಏಪ್ರನ್‌ಗಳ ಗಂಟು ಹೊತ್ತು ಬಂದ ತಂಗಿ ಸ್ಟೂಲಿನ ಮೇಲೆ ಕುಸಿದು ಕೂತು ಏದುಸಿರು ಬಿಟ್ಟಳು. "ಈ ಮೆಟ್ಟಿಲು ಕಟ್ಟಿಸಿದವರನ್ನ ದಿನಾ ಹತ್ತಿಸಿ ಇಳಿಸಬೇಕು ನೋಡಿ."

ಮಕ್ಕಳು ನಕ್ಕರು. ಒಬ್ಬ ಹುಡುಗ ಕೇಳಿದ, "ಮೇಡಂ, ಅಕ್ಕ ತಂಗಿ ರಕ್ತ ನೋಡೋಕೆ ಒಂದೇ ಥರ ಇರುತ್ತಾ?"

"ನೋಡೇಬಿಡೋಣ," ಎಂದಳು ತಂಗಿ, ಬೆರಳು ಚಾಚಿ. "ಸೂಜಿ ನನಗೇನು ಹೊಸದಾ? ಚುಚ್ಚಕ್ಕ."

ಹೊಸ ಸೂಜಿಯಿಂದ ತಮ್ಮ ಬೆರಳು, ಇನ್ನೊಂದು ಹೊಸ ಸೂಜಿಯಿಂದ ತಂಗಿಯ ಬೆರಳು. ಎರಡು ಗಾಜುಗಳ ಮೇಲೆ ಎರಡು ಹನಿ. ಮತ್ತೊಂದು ಗಾಜಿನ ಅಂಚಿನಿಂದ ಅವನ್ನು ತೆಳ್ಳಗೆ ಎಳೆದು ಒಣಗಲು ಪಕ್ಕಪಕ್ಕದಲ್ಲೇ ಇಟ್ಟರು. ಸುತ್ತ ಮಕ್ಕಳ ನೂಕುನುಗ್ಗಲು. ಗುರುತು ಹಾಕುವ ಪೆನ್ಸಿಲ್ ಜೇಬಿನಲ್ಲೇ ಇತ್ತು, ಕೈ ಅತ್ತ ಹೋಗಲಿಲ್ಲ.

ತಂಗಿಯ ಬೆರಳಿನ ರಕ್ತ ಬೇಗ ನಿಲ್ಲಲಿಲ್ಲ. ಬಟ್ಟೆಯ ಚೂರು ಸುತ್ತಿಕೊಂಡಳು, ಅದೂ ನೆನೆಯಿತು. ಮೊಣಕೈಯ ಮೇಲೆ ನೀಲಿಗಟ್ಟಿದ ಒಂದು ಕಲೆಯಿತ್ತು.

"ಅದೇನೇ ಅದು?"

"ಮೇಜಿಗೆ ತಾಗಿರಬೇಕು ಬಿಡು. ಅಂಗಡಿ ತೆರೆದೇ ಬಂದಿದೀನಿ," ಎಂದು ತಂಗಿ ಹೊರಟುಹೋದಳು.

ಮೇಡಂ ಸ್ಲೈಡುಗಳಿಗೆ ನೇರಳೆ ಬಣ್ಣ ಹಾಕಿ, ತೊಳೆದು, ಒಣಗಿಸಿ, ಎರಡು ಸೂಕ್ಷ್ಮದರ್ಶಕಗಳ ಕೆಳಗೆ ಇಟ್ಟರು. ಕೆಂಪು ಕಣಗಳಿಗೆ ಕೋಶಕೇಂದ್ರ ಇರುವುದಿಲ್ಲ, ತುಂಬ ಹುಡುಕಿದರೆ ನೇರಳೆ ಕೇಂದ್ರವಿರುವ ಬಿಳಿ ಕಣ ಅಲ್ಲೊಂದು ಇಲ್ಲೊಂದು ಸಿಗುತ್ತದೆ ಎಂದು ಹೇಳಿ ಕಿಟಕಿಯ ಬಳಿ ಹೋಗಿ ಕೂತರು.

ಕೊನೆಯ ಸಾಲಿನ ಹುಡುಗಿಯೊಬ್ಬಳು ಚಿತ್ರ ತಂದು ತೋರಿಸಿದಳು. ಹಾಳೆಯ ತುಂಬ ನೇರಳೆ ಉಂಡೆಗಳು.

"ಇದೇನಮ್ಮ, ದ್ರಾಕ್ಷಿ ಗೊಂಚಲಾ? ಅಲ್ಲೊಂದು ಇಲ್ಲೊಂದು ಅಂದೆ ತಾನೆ?"

"ನೀವೇ ಹೇಳ್ತೀರಲ್ಲ ಮೇಡಂ, ಕಂಡಿದ್ದು ಬರೀರಿ ಅಂತ. ಇದರಲ್ಲಿ ಹೀಗೇ ಕಾಣ್ತಿದೆ."

ಬೈಯಲೆಂದೇ ಎದ್ದುಹೋದ ಮೇಡಂ ಕಣ್ಣಿಟ್ಟು ನೋಡಿದರು.

ದೊಡ್ಡ ದೊಡ್ಡ ಕೋಶಗಳು, ಒಂದನ್ನೊಂದು ಒತ್ತಿಕೊಂಡು. ಪ್ರತಿಯೊಂದರಲ್ಲೂ ಕೋಶಕೇಂದ್ರವೇ ಉಬ್ಬಿ, ಕೋಶವನ್ನೆಲ್ಲ ಆಕ್ರಮಿಸಿತ್ತು. ಕೆಂಪು ಕಣಗಳು ನಡುವೆ ಜಾಗ ಸಿಕ್ಕದೆ ಮೂಲೆಗೆ ಸರಿದಿದ್ದವು. ಸ್ಲೈಡನ್ನು ಎಡಕ್ಕೆ ಸರಿಸಿದರು. ಬಲಕ್ಕೆ ಸರಿಸಿದರು. ಎಲ್ಲಿ ನೋಡಿದರೂ ಅವೇ. ಇಂಥ ಚಿತ್ರವನ್ನು ಅವರು ಓದುವ ಕಾಲದಲ್ಲಿ ದಪ್ಪ ಪುಸ್ತಕವೊಂದರಲ್ಲಿ ಕಂಡಿದ್ದರು. ಚಿತ್ರದ ಕೆಳಗಿದ್ದ ಕಾಯಿಲೆಯ ಹೆಸರು ಈಗಲೂ ನೆನಪಿತ್ತು.

ಇನ್ನೊಂದು ಸೂಕ್ಷ್ಮದರ್ಶಕಕ್ಕೆ ಹೋದರು. ಅಲ್ಲಿ ಎಲ್ಲವೂ ಪಾಠದಲ್ಲಿದ್ದಂತೆಯೇ ಇತ್ತು.

"ಆ ಸ್ಲೈಡು ಕೆಟ್ಟಿದೆ. ಈ ಕಡೆದು ನೋಡಿ ಬರೀರಿ," ಎಂದರು. ಕಂಡದ್ದನ್ನು ಬರೆಯಬೇಡಿ ಎಂದು ಅವರು ಮಕ್ಕಳಿಗೆ ಹೇಳಿದ್ದು ಅದೇ ಮೊದಲು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹಾಳೆ ಹರಿದಳು.

ಗಂಟೆ ಬಾರಿಸಿ ಮಕ್ಕಳೆಲ್ಲ ಹೋದರು. ಮೇಡಂ ಎರಡು ಸ್ಲೈಡುಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಎರಡೂ ಒಂದೇ ಥರ. ಯಾವುದು ಯಾರದು? ತುದಿಯಲ್ಲಿ ಬರೀ ಗಾಜು.

ನಂದೇ ಇರಬೇಕು ಎಂದುಕೊಂಡರು. ಈಚೆಗೆ ಸುಸ್ತಾಗುತ್ತಿಲ್ಲವೇ? ಮಂಡಿ ನೋಯುತ್ತಿಲ್ಲವೇ? ಹೋದ ತಿಂಗಳು ಒಂದು ದಿನ ಕಣ್ಣು ಕತ್ತಲೆ ಬಂದಿರಲಿಲ್ಲವೇ? ತಮ್ಮ ಮೇಲೆ ತಾವೇ ಸಾಕ್ಷಿ ಹುಡುಕಿ ಹುಡುಕಿ ಪೇರಿಸಿದರು. ಮೆಟ್ಟಿಲ ಏದುಸಿರು, ನೀಲಿ ಕಲೆ, ನೆನೆದ ಬಟ್ಟೆಚೂರು ಕಣ್ಣ ಮುಂದೆ ಬಂದಾಗಲೆಲ್ಲ ಆಚೆ ತಳ್ಳಿದರು. ನನಗೇನು, ಬೇಕಾದಷ್ಟು ಬದುಕಿದ್ದೀನಿ. ನಂದಾಗಿರಲಿ. ದೇವರೇ, ನಂದಾಗಿರಲಿ. ದೇವರ ಹೆಸರು ಅವರ ಬಾಯಲ್ಲಿ ಬಂದು ಯಾವ ಕಾಲವಾಗಿತ್ತೋ.

ಹಾಗೆ ಕೂತರೆ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೊಸ ಗಾಜು ತೆಗೆದು ತಮ್ಮ ಬೆರಳನ್ನು ಮತ್ತೆ ಚುಚ್ಚಿದರು. ಮೊದಲ ಹನಿ ಗಾಜು ತಪ್ಪಿ ಮೇಜಿನ ಮೇಲೆ ಬಿತ್ತು. ಎರಡನೆಯದನ್ನು ಎಳೆದು, ಒಣಗಿಸಿ, ಬಣ್ಣ ಹಾಕಿ ಕಾಯುತ್ತ ಕೂತರು. ತೊಟ್ಟಿಯ ನಲ್ಲಿ ತೊಟಕ್ ತೊಟಕ್ ಎನ್ನುತ್ತಿತ್ತು. ಕಾರಿಡಾರಿನಲ್ಲಿ ಜವಾನ ಒಂದೊಂದೇ ಕೋಣೆಗೆ ಬೀಗ ಹಾಕುತ್ತ ಬರುತ್ತಿದ್ದ.

ಕಣ್ಣಿಟ್ಟು ನೋಡಿದರು. ಗುಲಾಬಿ ಬಣ್ಣದ ಕೆಂಪು ಕಣಗಳು, ಕೇಂದ್ರವಿಲ್ಲದೆ, ಹಾಯಾಗಿ ಹರಡಿಕೊಂಡು. ತುಂಬ ಹುಡುಕಿದ ಮೇಲೆ ಒಂದು ಬಿಳಿ ಕಣ. ಸ್ಲೈಡು ಸರಿಸಿದರು, ಇನ್ನೊಂದು ಸಿಗಲಿ, ಹತ್ತು ಸಿಗಲಿ ಎಂದು. ಸಿಗಲಿಲ್ಲ. ಅವರ ರಕ್ತ ಪಾಠ ಮಾಡಲು ಹೇಳಿ ಮಾಡಿಸಿದಂತಿತ್ತು. ಮೇಡಂ ಮೇಜಿಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತರು.

"ಅಕ್ಕಾ, ಇನ್ನೂ ಮುಗೀಲಿಲ್ವಾ ನಿಂದು?"

ಬಾಗಿಲಲ್ಲಿ ತಂಗಿ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಬೆರಳಿಗೆ ಹೊಸ ಬಟ್ಟೆ ಸುತ್ತಿತ್ತು. ಅಕ್ಕನ ಮುಖ ನೋಡಿದ್ದೇ ತಡ, ಅವಳ ನಗು ಆರಿತು.

ಮೇಡಂ ಮುಖ ಒರೆಸಿಕೊಂಡರು. "ನಾಳೆ ಅಂಗಡಿ ತೆಗೀಬೇಡ. ನನ್ನ ಜೊತೆ ಆಸ್ಪತ್ರೆಗೆ ಬಾ."

"ಯಾಕಕ್ಕ? ಏನಾಯ್ತು ನಿಂಗೆ?" ತಂಗಿ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡಳು. "ಆಗ ನೋಡೋಕೆ ಅಂತ ಚುಚ್ಚಿಕೊಂಡ್ಯಲ್ಲ, ನಿನ್ನ ರಕ್ತದಲ್ಲಿ ಏನಾದ್ರೂ ಇತ್ತಾ? ಹೇಳಕ್ಕ, ನಂಗೆ ಭಯ ಆಗ್ತಿದೆ."

ಮೇಡಂ ಅವಳ ಕೈಗಳನ್ನು ಬಿಡಲಿಲ್ಲ.

"ಇಲ್ಲ ಕಣೇ," ಎಂದರು. "ನಾನು ಚೆನ್ನಾಗಿದೀನಿ."