ಕಾರಿನ ಛಾವಣಿಗೆ ಅಂಟಿಸಿದ ಭಾವನ ಸೀರೆ

ಆ ಕಾರಿನ ಒಳಛಾವಣಿಗೆ ನನಗೆ ಬಿದ್ದದ್ದು ಮೂರು ಸಾವಿರ ರೂಪಾಯಿ. ಮೊಳಕಾಲ್ಮೂರು ರೇಷ್ಮೆ ಸೀರೆ, ಅಪ್ಪಟ ಮಾಲು, ಬರೀ ಮೂರು ಸಾವಿರಕ್ಕೆ ಹೇಗೆ ಸಿಕ್ಕಿತು ಎಂದು ಕೇಳಿದವರಿಗೆಲ್ಲ ‘ಅದಕ್ಕೆ ಬಾಯಿ ಬೇಕಪ್ಪ’ ಎಂದು ನಕ್ಕಿದ್ದೇನೆ. ಹೇಗೆ ಸಿಕ್ಕಿತೆಂದು ಈಗ ಹೇಳುತ್ತೇನೆ. ಅದನ್ನು ನೇಯ್ದ ಮನುಷ್ಯನಿಗೆ, ನನ್ನ ಅಕ್ಕನ ಗಂಡನಿಗೆ, ನಾನು ಸುಳ್ಳು ಹೇಳಿದೆ. ನಿಮ್ಮ ಕೆಲಸ ಯಾರಿಗೂ ಬೇಡವಂತೆ ಎಂದೆ. ಅಂಗಡಿಯವರು ಬೇಕು ಅಂದಿದ್ದರು — ತುಂಬ ಬೇಕು ಅಂದಿದ್ದರು.

ನಾನೂ ನೇಕಾರರ ಮನೆಯಲ್ಲಿ ಹುಟ್ಟಿದವನೇ. ಅಪ್ಪನ ಮಗ್ಗದ ಗುಂಡಿಗೆ ಕಾಲಿಳಿಸಲು ಒಲ್ಲದೆ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಂದೆ. ಪಂಕ್ಚರ್ ಹಾಕುವುದರಿಂದ ಶುರು ಮಾಡಿ, ಹಳೇ ಕಾರು ಕೊಂಡು, ಮನೆಯಂಗಳದಲ್ಲೇ ಚೆಂದ ಮಾಡಿ ಮಾರುವವರೆಗೆ ಬೆಳೆದೆ. ಕೊಳ್ಳುವಾಗ ನನ್ನ ಪದ್ಧತಿ ಒಂದೇ. ಮಾಲು ಕಂಡು ಎದೆ ಹಾರುತ್ತಿದ್ದರೂ ಮುಖ ಹುಳಿ ಮಾಡಿಕೊಳ್ಳುವುದು. ‘ಬಾಡಿ ಹೋಗೈತೆ, ಬಣ್ಣ ಸತ್ತೈತೆ, ಇದನ್ನ ಯಾರು ಮೂಸ್ತಾರೆ’ ಅನ್ನುವುದು. ಸಂತೆಯಲ್ಲಿ ಕುರಿ ಕೊಳ್ಳುವವನೂ ಮೊದಲು ಕುರಿಯ ಹಲ್ಲನ್ನೇ ಬಯ್ಯುತ್ತಾನೆ. ಮಾರುವವನಿಗೂ ಅದು ಗೊತ್ತು, ಅವನೂ ತಿರುಗಿ ಬಯ್ಯುತ್ತಾನೆ, ಕೊನೆಗೆ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಾರೆ. ಇಬ್ಬರಿಗೂ ಗೊತ್ತಿರುವ ಆಟ ಅದು. ಭಾವನಿಗೆ ಗೊತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳಿದರೆ ಹಾಗೇ ಇರುತ್ತದೆ ಎಂದು ನಂಬುವ ಮನುಷ್ಯ.

ಮಾರುವುದಕ್ಕಲ್ಲದೆ ನನಗೇ ಅಂತ ನಾನು ಇಟ್ಟುಕೊಂಡ ಮೊದಲ ಕಾರು ಅದು. ಊರಿನವರ ಕಾರುಗಳನ್ನೆಲ್ಲ ಮಿಂಚಿಸಿ ಕಳಿಸುತ್ತಿದ್ದೆ, ನನ್ನದು ಮಾತ್ರ ಬೇವಿನ ಮರದಡಿ ಕಾಗೆ ಹಿಕ್ಕೆ ಹೊತ್ತು ನಿಂತಿರುತ್ತಿತ್ತು. ಟೀ ಅಂಗಡಿಯ ಗೆಳೆಯನೊಬ್ಬ ಸುಮ್ಮನಿರಲಿಲ್ಲ. “ಏನ್ಲೇ ತಿಪ್ಪೇಶಿ, ಊರ ಹೆಣ್ಣಿಗೆಲ್ಲ ಪೌಡರ್ ಹಚ್ತೀಯ, ನಿನ್ ಮನೆಯಾಕೆಗೆ ಮುಖ ತೊಳ್ಯಾಕೂ ನೀರಿಲ್ವೇನ್ಲೇ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಗ್ಲಾಸು ಕೆಳಗಿಟ್ಟು ಎದ್ದು ನೇರ ಹಾರ್ಡ್‌ವೇರ್ ಅಂಗಡಿಗೆ ಹೋದೆ.

ಆ ದಿನಗಳ ಖುಷಿಯನ್ನು ಈಗಲೂ ಮುಚ್ಚಿಡಲಾರೆ. ತಪ್ಪೊಪ್ಪಿಗೆ ಬರೆಯಲು ಕೂತವನು ಹೀಗೆ ಹಿಗ್ಗಬಾರದು, ಗೊತ್ತು — ಆದರೂ. ಅಂಗಳಕ್ಕೆ ನೀರು ಚಿಮುಕಿಸಿ ದೂಳು ಕೂರಿಸಿದೆ. ನಮ್ಮ ಕಡೆ ಗಾಳಿ ಬಲು ಕೆಟ್ಟದ್ದು, ಹಸಿ ಬಣ್ಣ ಕಂಡರೆ ಸಾಕು, ಮಣ್ಣು ತಂದು ಉಗ್ಗುತ್ತದೆ. ಒರಟು ಉಜ್ಜುಕಾಗದ, ಆಮೇಲೆ ನಯದ್ದು, ಆಮೇಲೆ ನೀರು ಹಾಕಿ ಇನ್ನೂ ನಯದ್ದು. ಅಂಗೈ ಸವರಿದರೆ ಎಲ್ಲೂ ತಡೆಯಬಾರದು. ಗಾಜಿಗೆ ಹಳೇ ಪೇಪರು ಅಂಟಿಸಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಬಣ್ಣ ಹೊಡೆದೆ, ತೆಳ್ಳಗೆ, ಒಂದರ ಮೇಲೊಂದು. ಮಬ್ಬಾಗಿದ್ದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ, ಕಣ್ಣಿನ ಪೊರೆ ತೆಗೆದ ಹಾಗೆ ಬೆಳಕು ಬಂತು. ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದ ಇಣುಕಿ, “ಮದುವೇಲಿ ನಂಗೂ ಇಷ್ಟು ಅರಿಶಿನ ಹಚ್ಚಿರಲಿಲ್ಲ ಬಿಡ್ರಿ” ಅಂದಳು.

ಉಳಿದಿದ್ದು ಒಳಛಾವಣಿ. ಹಳೇ ಬಟ್ಟೆ ಜೋತುಬಿದ್ದು ಕೂತವರ ತಲೆಗೆ ತಾಗುತ್ತಿತ್ತು. ಕಿತ್ತೆಸೆದೆ. ಕೊಳೆತ ಸ್ಪಂಜು ಹಿಟ್ಟಿನಂತೆ ಉದುರಿತು. ಅಂಗಡಿಯಲ್ಲಿ ಸಿಗುವ ಬೂದಿ ಬಣ್ಣದ ಬಟ್ಟೆ ತರೋಣವೆಂದಿದ್ದೆ. ತಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅದೇ ವಾರ ಅಕ್ಕನನ್ನು ನೋಡಲು ಮೊಳಕಾಲ್ಮೂರಿಗೆ ಹೋದೆ. ಗೋವಿಂದಪ್ಪ ಭಾವ ಆಗಷ್ಟೇ ಮಗ್ಗದಿಂದ ಒಂದು ಸೀರೆ ಇಳಿಸಿದ್ದರು. ಸುಟ್ಟ ಇಟ್ಟಿಗೆಯ ಬಣ್ಣದ ಒಡಲು, ಅಂಚಿನ ತುಂಬ ಹುಲ್ಲಿನ ತೆನೆ. ನಮ್ಮ ಕಡೆಯ ಹುಲ್ಲುಗಾವಲು, ವರವು ಕಾವಲಿನಲ್ಲಿ ಹುಲ್ಲು ಬಲಿತಾಗ ಗಾಳಿಗೆ ಎಲ್ಲ ತೆನೆಗಳೂ ಒಂದೇ ಕಡೆ ಬಾಗುತ್ತವಲ್ಲ, ಹಾಗೆ. ವ್ಯಾಪಾರಿ ಕೊಟ್ಟ ನಮೂನೆಯಲ್ಲ. ಚೌಕುಳಿ ಕಾಗದದ ಮೇಲೆ ತಾವೇ ಬರೆದು, ಅದರಂತೆ ರಟ್ಟಿಗೆ ತೂತು ಕೊರೆಸಿ, ಮಗ್ಗದ ಮೇಲೆ ಏರಿಸಿ ನೇಯ್ದದ್ದು. ಹುಟ್ಟಿದಾಗಿನಿಂದ ಬೇರೆಯವರ ಮಾವಿನಕಾಯಿ, ಬೇರೆಯವರ ನವಿಲು ನೇಯ್ದಿದ್ದ ಮನುಷ್ಯ ಮೊದಲ ಸಲ ತನ್ನದೊಂದು ಮಾಡಿದ್ದರು.

“ನಿನಗೆ ಬಾಯಿ ಐತೆ ಕಣಪ್ಪ” ಎಂದರು ಭಾವ. “ಚಳ್ಳಕೆರೆ ಸೀರೆ ಅಂಗಡೀಲಿ ತೋರ್ಸು. ಏನಂತಾರೋ ಹಂಗೇ ಬಂದು ಹೇಳು. ನಾನು ಹೋದ್ರೆ ಮುಖ ನೋಡಿ ಚೆನ್ನಾಗೈತೆ ಅಂದ್ಬಿಡ್ತಾರೆ.”

ಅಕ್ಕ ಒಳಗಿನಿಂದ, “ರಾತ್ರಿಯೆಲ್ಲ ಹುಲ್ಲು ಹುಲ್ಲು ಅಂತ ಕನವರಿಸ್ತಾರೆ. ಮನೇಲಿ ಎಮ್ಮೆ ಇದ್ದಿದ್ರೆ ಖುಷಿ ಪಡ್ತಿತ್ತು” ಎಂದಳು. ಭಾವ ನಾಚಿ ಮಡಿಕೆಯನ್ನು ಇನ್ನೊಮ್ಮೆ ಸರಿಮಾಡಿದರು.

ಅಂಗಡಿಯ ಯಜಮಾನ ಮಾತು ಕಡಿಮೆಯ ಮನುಷ್ಯ. ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸಿ, ಅಂಚನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ಹಿಂಬದಿಯನ್ನೂ ನೋಡಿದರು. “ಸಾಫ್ ಕೆಲಸ. ಯಾರ್ರೀ ನೇಯ್ದಿದ್ದು? ಕರ್ಕೊಂಡ್ ಬನ್ನಿ. ಇದೇ ಅಂಚಿನಾಗೆ ಬೇರೆ ಬಣ್ಣನೂ ಬೇಕು” ಎಂದರು. ಬಣ್ಣಗಳ ಹೆಸರನ್ನೂ ಹೇಳಿದರು. ನಾನು ತಲೆಯಾಡಿಸುತ್ತಿದ್ದೆ — ಕಿವಿ ಅಲ್ಲಿರಲಿಲ್ಲ. ಹಾಸಿದ ಸೀರೆಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದೆ. ಕಾರಿನ ಛಾವಣಿಯ ಅಗಲಕ್ಕೆ ಸರಿಯಾಗಿ ಹೊಂದುತ್ತದೆ. ಎರಡೂ ಅಂಚು ಎರಡೂ ಕಡೆಯ ಬಾಗಿಲ ಮೇಲೆ ಬಂದು ಕೂರುತ್ತವೆ.

ಹೊರಗೆ ಬಂದು ಕಾರಿನಲ್ಲಿ ಕೂತು ಸೀರೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಕಿಟಕಿಯ ಬಿಸಿಲು ತಾಗಿ ತೆನೆಗಳೆಲ್ಲ ಹೊಳೆದವು. ಇಡೀ ಜಿಲ್ಲೆಯಲ್ಲಿ ಇಂಥ ಕಾರು ಇನ್ನೊಂದಿಲ್ಲ — ಇರಲೂ ಬಾರದು. ಆ ಎರಡನೇ ಮಾತೇ ನನ್ನನ್ನು ಕೆಡಿಸಿದ್ದು. ಅಂಗಡಿಯವರು ಇದನ್ನೇ ಹತ್ತಾರು ನೇಯಿಸಿ ಮಾರಿದರೆ ನನ್ನ ಛಾವಣಿಯ ಹೆಚ್ಚುಗಾರಿಕೆ ಏನು ಉಳಿಯಿತು?

ಅಷ್ಟರಲ್ಲಿ ಭಾವನ ಫೋನು. “ಏನಂದ್ರಪ್ಪ?”

ನನ್ನ ಮುಖ ತಾನಾಗಿ ಹುಳಿಯಾಯಿತು. ಕಾರಿನೊಳಗೆ ನೋಡುವವರು ಯಾರೂ ಇರಲಿಲ್ಲ, ಆದರೂ ಆಯಿತು. “ಏನು ಹೇಳ್ಲಿ ಭಾವ. ಅಂಚು ಓಡಲ್ಲ ಅಂದ್ರು. ಹುಲ್ಲು ಉಟ್ಕೊಂಡು ಯಾರು ಮದುವೆಗೆ ಹೋಗ್ತಾರೆ ಅಂದ್ರು.”

ಯಾರೂ ಅಂದಿರಲಿಲ್ಲ. ಆ ಮಾತು ನನ್ನದೇ. ನಾಲಿಗೆಯ ಮೇಲೆ ಅದು ಹುಟ್ಟಿದಾಗ, ದೇವರಾಣೆ, ಒಳ್ಳೇ ಮಾತು ಸಿಕ್ಕಿತೆಂದು ಒಂದು ಕ್ಷಣ ಖುಷಿಯೂ ಆಯಿತು.

“ಹಂಗಂದ್ರಾ” ಎಂದರು ಭಾವ.

“ಇರ್ಲಿ ಬಿಡ್ರಿ, ನಾನೇ ಇಟ್ಕೊಂತೀನಿ. ನಾಲ್ಕು ಸಾವಿರ ಕೊಡ್ತೀನಿ.”

“ಯಾರಿಗೂ ಬೇಡಾಗಿದ್ದಕ್ಕೆ ನಿನಗ್ಯಾಕಪ್ಪ ನಷ್ಟ? ಮೂರು ಕೊಡು ಸಾಕು.”

ಮಾರುವವನೇ ತನ್ನ ಬೆಲೆ ಇಳಿಸಿದ್ದನ್ನು ನನ್ನ ವ್ಯಾಪಾರದಲ್ಲಿ ನಾನು ಕಂಡಿರಲಿಲ್ಲ. ಆಗಲಾದರೂ ನಾಚಿಕೆಯಾಗಿ ನಿಜ ಹೇಳಬೇಕಿತ್ತು. “ಆಯ್ತು ಭಾವ” ಎಂದೆ.

ಕತ್ತರಿ ಹಾಕುವ ಮುಂಚೆ ಸೀರೆಯ ಮೂಲೆಗೆ ಅರಿಶಿನ ಹಚ್ಚಿದೆ. ಹೊಸ ಬಟ್ಟೆಗೆ ಹಚ್ಚದೆ ನಮ್ಮ ಮನೆಗಳಲ್ಲಿ ಮುಟ್ಟುವುದಿಲ್ಲ. ಸುಳ್ಳು ಹೇಳಿದ ಕೈಗೆ ಆ ಶಾಸ್ತ್ರ ಮಾತ್ರ ನೆನಪಿತ್ತು ನೋಡಿ. ಛಾವಣಿಯ ರಟ್ಟಿಗೆ ತೆಳು ಸ್ಪಂಜು ಕೂರಿಸಿ, ರಬ್ಬರ್ ಗೋಂದನ್ನು ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಸೀರೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಬಂದೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಉಳಿದ ಸೆರಗನ್ನು ಬಾಗಿಲುಗಳ ಒಳಮೈಗೆ ಹಾಕಿದೆ. ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ ಮೇಲೆ ನೋಡಿದೆ. ಕಾವಲಿನ ಬಯಲಿನಲ್ಲಿ ಬೆನ್ನು ಹಾಸಿ ಮಲಗಿದ ಹಾಗಿತ್ತು.

ಟೀ ಅಂಗಡಿಯ ಬಾಯಿಗಳೆಲ್ಲ ಮುಚ್ಚಿದವು. ನಾಯಕನಹಟ್ಟಿಯಿಂದ, ಕೊಂಡ್ಲಹಳ್ಳಿಯಿಂದ ಜನ ನೋಡಲು ಬಂದರು. ನನ್ನ ಕಾರಿಗೂ ಹೀಗೆ ಮಾಡಿಕೊಡು ಎಂದು ಮುಂಗಡ ಕೊಟ್ಟವರಿದ್ದಾರೆ. ಬೇರೆ ಬಟ್ಟೆ ಹಾಕಿ ಮಾಡಿಕೊಟ್ಟೆ. ಕೆಲಸ ಬೆಳೆಯಿತು. ಸೀರೆ ಅಂಗಡಿಯ ಯಜಮಾನರು ದಾರಿಯಲ್ಲಿ ಸಿಕ್ಕಿ, “ಆ ನೇಕಾರ ಬರ್ಲೇ ಇಲ್ವಲ್ರೀ” ಎಂದಾಗ, “ಅವ್ರು ಆ ನಮೂನೆ ಬಿಟ್ರಂತೆ” ಎಂದೆ. ಹೇಳುವಾಗ ಅದು ಸುಳ್ಳಾಗಿತ್ತು.

ಆಮೇಲೆ ನಿಜವಾಯಿತು. ಹಬ್ಬಕ್ಕೆ ಬಂದ ಭಾವ ಮೊದಲ ಸಲ ಕಾರಿನೊಳಗೆ ಕೂತರು. ಮೇಲೆ ನೋಡಿದರು. ಬಯ್ಯಲಿಲ್ಲ. ಮೂಲೆಯೊಂದರಲ್ಲಿ ಎದ್ದಿದ್ದ ಎಳೆಯನ್ನು ಉಗುರಿನಿಂದ ಒಳಸೇರಿಸಿ, “ಹೋಗ್ಲಿ, ಒಂದ್ ಕೆಲ್ಸಕ್ಕೆ ಬಂತಲ್ಲ” ಎಂದರು. ಆ ಹುಲ್ಲಿನ ನಮೂನೆಗೆಂದು ಕೊರೆಸಿದ್ದ ರಟ್ಟುಗಳನ್ನು ನೀರೊಲೆಗೆ ಹಾಕಿಬಿಟ್ಟರೆಂದು ಅಕ್ಕ ಆಮೇಲೆ ಹೇಳಿದಳು. ಅಲ್ಲಿಂದ ಮುಂದೆ ಮತ್ತೆ ವ್ಯಾಪಾರಿಯ ಮಾವಿನಕಾಯಿ, ವ್ಯಾಪಾರಿಯ ನವಿಲು. ತಮ್ಮದು ಅಂತ ಒಂದು ಗೆರೆಯನ್ನೂ ಎಳೆಯಲಿಲ್ಲ.

ವರ್ಷಗಳು ಕಳೆದವು. ಹೋದ ತಿಂಗಳು ಹೇಳಿದೆ. ಯಾಕೆ ಈಗ ಎಂದರೆ — ಅಕ್ಕನ ಮಗಳು ತಾನು ಬರೆದ ಒಂದು ಹೂವಿನ ನಮೂನೆ ತಂದು ತೋರಿಸಿದಳು. ಭಾವ ಅದನ್ನು ಪಕ್ಕಕ್ಕೆ ಸರಿಸಿ, “ನಾವು ಬರೆದಿದ್ದೆಲ್ಲ ಪೇಟೇಲಿ ಓಡಲ್ಲಮ್ಮ. ಬೇಕಾದ್ರೆ ನಿಮ್ಮ ಮಾವನ್ನ ಕೇಳು” ಎಂದರು. ಹುಡುಗಿ ನನ್ನ ಕಡೆ ತಿರುಗಿದಳು. ನನ್ನ ಸುಳ್ಳು ಮುಂದಿನ ತಲೆಮಾರಿಗೂ ದಾಟುತ್ತಿತ್ತು, ನನ್ನದೇ ಸಾಕ್ಷಿಯಲ್ಲಿ. ಅಲ್ಲೇ, ಅವಳ ಎದುರಿಗೇ, ಎಲ್ಲ ಹೇಳಿಬಿಟ್ಟೆ.

ಅಕ್ಕ ಗೋಡೆ ಹಿಡಿದು ಕೂತಳು. “ಥೂ, ನಿನ್ ಬಾಯಿಗಿಷ್ಟು” ಎಂದಳು. ಭಾವ ಕೇಳಿದ್ದು ಒಂದೇ: “ಬೇರೆ ಬಣ್ಣ ಬೇಕು ಅಂದ್ರಲ್ಲ, ಯಾವ್ಯಾವ ಬಣ್ಣ ಅಂದ್ರು?”

ನನಗೆ ಗೊತ್ತಿರಲಿಲ್ಲ. ಆ ಯಜಮಾನರು ತೀರಿಕೊಂಡಿದ್ದಾರೆ, ಕೇಳೋಣವೆಂದರೆ ಯಾರೂ ಇಲ್ಲ. ಭಾವ “ಸರೇಲೇ” ಎಂದು, ಇರಲಿ ಬಿಡು ಎಂಬಂತೆ, ತೆಲುಗಿನಲ್ಲಿ ಗೊಣಗಿ, ಎದ್ದು, ಮಗಳು ತಂದಿದ್ದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತರು. ನನ್ನನ್ನು ಊಟಕ್ಕೆ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ಮನೆಯಲ್ಲೇ ಕಾರು ಚೆಂದ ಮಾಡಿಕೊಳ್ಳುವವರು ನೀವಾಗಿದ್ದರೆ, ಮಾಡಿ, ಅದರಷ್ಟು ಖುಷಿಯ ಕೆಲಸ ಇನ್ನೊಂದಿಲ್ಲ. ಛಾವಣಿಗೆ ರೇಷ್ಮೆ ಬೇಡ. ನಮ್ಮ ಬಿಸಿಲಿಗೆ ಹಿಂದಿನ ಗಾಜಿನ ಹತ್ತಿರ ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಸೀಳುತ್ತದೆ. ದಪ್ಪ ಹತ್ತಿ ಬಟ್ಟೆ ಹಾಕಿ, ಗೋಂದು ಕಡಿಮೆ ಸವರಿ, ಎರಡು ದಿನ ನೆರಳಲ್ಲಿ ನಿಲ್ಲಿಸಿ. ಚೌಕಾಸಿಯನ್ನೂ ಮಾಡಿ, ನಾನು ಬಿಟ್ಟಿಲ್ಲ. ನನ್ನ ಹತ್ತಿರ ಇಷ್ಟೇ ದುಡ್ಡಿದೆ ಎನ್ನಿ, ಮಾಲು ಕೆಟ್ಟದ್ದು ಎನ್ನಬೇಡಿ. ಎದುರಿಗಿರುವವನು ಅದನ್ನು ನಂಬಿಬಿಡಬಹುದು. ಇನ್ನು, ಯಾರಾದರೂ ತಮ್ಮ ಕೈಕೆಲಸವನ್ನು ನಿಮ್ಮ ಕೈಗಿಟ್ಟು ‘ಏನಂತಾರೋ ಕೇಳಿಕೊಂಡು ಬಾ’ ಎಂದು ಕಳಿಸಿದರೆ, ಅಂಗಡಿಯ ಹೊಸ್ತಿಲಲ್ಲಿ ಮೆಟ್ಟು ಹಾಕಿಕೊಳ್ಳುವ ಮುಂಚೆಯೇ ಅವರಿಗೆ ಫೋನು ಮಾಡಿ. ಅಂಗಡಿಯವರ ಕೈಗೇ ಫೋನು ಕೊಟ್ಟುಬಿಡಿ. ಕಾರಿನವರೆಗೆ ನಡೆದು ಹೋಗಬೇಡಿ.