ನರಸೀಪುರದ ಹಜಾರದಲ್ಲಿ ರೈಲು ಕೂಗಿದ್ದು

ತಿ. ನರಸೀಪುರಕ್ಕೆ ರೈಲು ತಂದವಳು ನಾನೇ. ನಗುವವರು ನಗಲಿ. ನಂಜನಗೂಡಿನಲ್ಲಿ ರೈಲ್ವೆ ಗೇಟಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳನ್ನು ಹಳಿಯೇ ಇಲ್ಲದ ಊರಿಗೆ ಮದುವೆ ಮಾಡಿ ಕೊಟ್ಟರೆ ಅವಳು ಇನ್ನೇನು ಮಾಡಬೇಕು? ಅಪ್ಪ ಗೇಟ್‌ಮನ್ ಆಗಿದ್ದವರು. ನಮ್ಮ ಮನೆಯಲ್ಲಿ ಊಟ, ಸ್ನಾನ, ಜಗಳ ಎಲ್ಲವೂ ಗಾಡಿಯ ಹೊತ್ತು ನೋಡಿಕೊಂಡೇ ನಡೆಯುತ್ತಿದ್ದವು. ಗಂಡನ ಮನೆಗೆ ಬಂದ ಮೇಲೆ ಆ ಕೂಗು ಕಿವಿಗೆ ಬೀಳದೆ ಎಷ್ಟೋ ದಿನ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಮಾದರಿ ರೈಲಿನ ಹುಚ್ಚು ಹಿಡಿಯಿತು. ಹಜಾರದಲ್ಲಿ ಹಲಗೆ ಹಾಕಿ ಹಳಿ ಜೋಡಿಸಿದೆ. ಗೇಣುದ್ದದ ಡೀಸೆಲ್ ಎಂಜಿನ್, ಅದರ ಹೊಟ್ಟೆಯೊಳಗೆ ಒಂದು ಚಿಪ್, ಒಂದು ಪುಟ್ಟ ಸ್ಪೀಕರ್. ಕೈಯಲ್ಲಿ ಹಿಡಿದ ಕಂಟ್ರೋಲರಿನ ಒಂದು ಗುಂಡಿ ಒತ್ತಿದರೆ ದೀಪ, ಇನ್ನೊಂದಕ್ಕೆ ಎಂಜಿನ್ನಿನ ಗುಡುಗು, ಮತ್ತೊಂದಕ್ಕೆ ಹಾರ್ನ್. ಸಂಭ್ರಮದಿಂದ ಅಪ್ಪನಿಗೆ ಫೋನಿನಲ್ಲಿ ಕೇಳಿಸಿದರೆ, "ಇದ್ಯಾವ ದೇಸದ್ ಗಾಡಿಯವ್ವ? ನಮ್ ಗಾಡಿ ಇಂಗ್ ಕೂಗಕಿಲ್ಲ" ಎಂದು ಫೋನ್ ಇಟ್ಟುಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಆದರೆ ಅವರು ಹೇಳಿದ್ದು ನಿಜ. ಚಿಪ್‌ನಲ್ಲಿದ್ದದ್ದು ಹೊರದೇಶದ ಎಂಜಿನ್ನಿನ ದನಿ. ಆಮೇಲೆ ತವರಿಗೆ ಹೋದಾಗಲೆಲ್ಲ ಗೇಟಿನ ಪಕ್ಕ ಮೊಬೈಲ್ ಹಿಡಿದು ನಿಂತೆ. ಬೈಕಿನ ಸದ್ದು, ನಾಯಿಯ ಬೊಗಳು ಸೇರದ ಒಂದು ಕೂಗು ಕೊನೆಗೂ ಸಿಕ್ಕಿತು. ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ತಿದ್ದಿ, ಚಿಪ್‌ಗೆ ಇಳಿಸಿದೆ. "ಆಯುಧಪೂಜೆಗೆ ಬಂದು ಕೇಳಿಸ್ಕೋ, ಆಮೇಲ್ ಮಾತಾಡಪ್ಪ" ಎಂದು ಕರೆದೆ. ಇದು ನಮ್ಮ ಗಾಡಿಯೇ ಎಂದು ಅವರು ಒಪ್ಪಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಅಪ್ಪ ಬಂದು ಹಜಾರದ ಕುರ್ಚಿಯಲ್ಲಿ ಕುಳಿತರು. ನಾನು ಗತ್ತಿನಿಂದ ದೀಪದ ಗುಂಡಿ ಒತ್ತಿದೆ. ಹೆಡ್‌ಲೈಟ್ ಮಿಣುಕಿ ಆರಿತು. ಹಾರ್ನ್ ಒತ್ತಿದರೆ ಕೂಗು ಅರ್ಧಕ್ಕೇ ತುಂಡಾಯಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ನನ್ನ ಮರ್ಯಾದೆ ಉಳಿಸಲು ಪಾಪ ಅಪ್ಪ ಫ್ಯಾನ್ ನೋಡುತ್ತ ಕುಳಿತರು.

ಬಗ್ಗಿ ನೋಡಿದೆ. ನಮ್ಮ ಅತ್ತೆ ದೇವಿಯ ಜಾತ್ರೆಗೆ ಹೆಸರಾದ ಮೂಗೂರಿನವರು, ಪೂಜೆಯಲ್ಲಿ ಯಾವುದನ್ನೂ ಕಡಿಮೆ ಮಾಡುವವರಲ್ಲ. ಬೆಳಿಗ್ಗೆ ಸ್ಕೂಟರಿಗೆ, ಮಿಕ್ಸಿಗೆ ಹಚ್ಚಿದ ಹಾಗೆ ನನ್ನ ಎಂಜಿನ್ನಿಗೂ ವಿಭೂತಿ ಪಟ್ಟೆ ಎಳೆದು, ಅಷ್ಟಕ್ಕೇ ಬಿಡದೆ ಹಳಿಯ ಉದ್ದಕ್ಕೂ ಬಳಿದಿದ್ದರು. ಈ ಎಂಜಿನ್ನಿಗೆ ಕರೆಂಟು ಬರುವುದೇ ಹಳಿಯಿಂದ, ಚಕ್ರದ ಮೂಲಕ. ನಡುವೆ ವಿಭೂತಿ ಕೂತರೆ ದೀಪವೂ ಇಲ್ಲ, ದನಿಯೂ ಇಲ್ಲ.

"ಹಳಿಗೆ ಯಾಕತ್ತೆ ಬಳಿದ್ರಿ?" ಎಂದು ರೇಗಿದೆ.

"ಗಾಡಿಗ್ ಅಚ್ಚುದ್ರೆ ಸಾಕಾ? ಅದು ಓಡೋ ದಾರಿಗೂ ಬ್ಯಾಡ್ವಾ? ಎಲ್ಲೂ ಬೀಳ್ದಂಗ್ ಓಗ್ಲಿ ಅಂತ ಅಚ್ಚುದೆ ಕಣವ್ವ" ಎಂದರು ಅತ್ತೆ.

ನನ್ನ ಸಿಟ್ಟು ಇಳಿದುಹೋಯಿತು. ಮನೆಮಂದಿಯೆಲ್ಲ ಆಟದ ಸಾಮಾನು ಎನ್ನುತ್ತಿದ್ದಾಗ ಅದನ್ನು ಗಾಡಿ ಎಂದೇ ಪೂಜಿಸಿದವರು ಅವರೊಬ್ಬರೇ. ಇಬ್ಬರೂ ಸೇರಿ ಬಟ್ಟೆಗೆ ಸ್ಪಿರಿಟ್ ಹಾಕಿಕೊಂಡು ಹಳಿ, ಚಕ್ರ ಎಲ್ಲ ಒರೆಸಿದೆವು. ಎಂಜಿನ್ನಿನ ಹಣೆಯ ಪಟ್ಟೆಯನ್ನು ಮಾತ್ರ ಹಾಗೇ ಬಿಟ್ಟೆ.

ಈ ಸಲ ದೀಪ ಹತ್ತಿತು, ಆರಲಿಲ್ಲ. ಎಂಜಿನ್ ಗುಡುಗುಡು ಎನ್ನುತ್ತ ಹೊರಟಿತು. ಅಪ್ಪನ ಕುರ್ಚಿಗಿಂತ ತುಸು ಮುಂಚೆ, ತಿರುವಿನಲ್ಲಿ, ಗೇಟು ಹತ್ತಿರವಾದಾಗ ಡ್ರೈವರು ಒತ್ತುವ ಹಾಗೆ ಹಾರ್ನ್ ಒತ್ತಿ ಹಿಡಿದೆ. ನಂಜನಗೂಡಿನ ಗೇಟಿನ ಆ ಉದ್ದನೆಯ ಕೂಗು ಹಜಾರವನ್ನೆಲ್ಲ ತುಂಬಿತು.

ಅಪ್ಪ ಎದ್ದು ನಿಂತರು. ಗಾಡಿ ದಾಟುವಾಗ ಗೇಟ್‌ಮನ್ ಕುಳಿತಿರುವಂತಿಲ್ಲ, ಎದ್ದು ನಿಂತು ಹಸಿರು ಬಾವುಟ ತೋರಿಸಬೇಕು. ಪೂಜೆಯ ತಟ್ಟೆಯಲ್ಲಿದ್ದ ಹಸಿರು ರವಿಕೆ ಕಣವನ್ನು ಎತ್ತಿಕೊಂಡು ಅಪ್ಪ ತೋಳನ್ನು ನೇರ ಚಾಚಿದರು. ನಗಲು ಹೊರಟ ಅತ್ತೆ ಅವರ ಮುಖ ನೋಡಿ ಹಳಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹೆಮ್ಮೆಯಲ್ಲಿ ಏನು ಮಾಡಲೂ ತೋಚದೆ ಹಾರ್ನನ್ನು ಇನ್ನೊಮ್ಮೆ ಒತ್ತಿದೆ.

"ಗೇಟ್ ದಾಟುದ್ಮ್ಯಾಲೆ ಯಾಕ್ ಕೂಗುಸ್ತೀಯ? ರೂಲ್ಸ್ ಗೊತ್ತಿಲ್ವಾ?" ಡ್ರೈವರನ್ನು ಬಯ್ಯುವ ದನಿಯಲ್ಲೇ ಅಪ್ಪ ಗದರಿದರು.

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.